ಜ್ಞಾನದಾಸೋಹವೂ ಮುಕ್ತ ಗ್ರಂಥಭಂಡಾರವೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಮಹೋತ್ಸವವೆಂಬುದು ಮಠವು ತಾನು ನಡೆದುಬಂದ ಕಾಲದ ಲೆಕ್ಕವನ್ನು ನೋಡಿಕೊಳ್ಳುವ ಸಮಯ. ಎಷ್ಟು ಮಂದಿಗೆ ಅನ್ನವಿಕ್ಕಿತು, ಎಷ್ಟು ಮಕ್ಕಳಿಗೆ ಅಕ್ಷರವನ್ನು ಕಲಿಸಿತು ಎಂಬ ಲೆಕ್ಕವು ಎಲ್ಲರ ಕಣ್ಣಿಗೂ ಕಾಣುವುದು. ಅದರೊಡನೆ ಕೇಳಿಕೊಳ್ಳತಕ್ಕ ಮತ್ತೊಂದು ಪ್ರಶ್ನೆಯುಂಟು. ಮಠದ ಗ್ರಂಥಭಂಡಾರದಲ್ಲಿ ಇರುವ ಜ್ಞಾನವು ಎಷ್ಟು ಮಂದಿಯ ಕೈಸೇರಿತು? ಅನ್ನದ ಮನೆಯ ಬಾಗಿಲು ತೆರೆದಿದ್ದು ಗ್ರಂಥದ ಕಪಾಟಿಗೆ ಬೀಗ ಬಿದ್ದಿದ್ದರೆ ದಾಸೋಹವು ಅರ್ಧವೇ ಆದಂತಾಯಿತು.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸುವುದು ವಾಡಿಕೆ. ಪ್ರಕೃತದಲ್ಲಿ ವಿಷಯವು ಗಣಕಯಂತ್ರದ ಮೂಲಕ ನಡೆಯುವ ಗ್ರಂಥಭಂಡಾರ ಮತ್ತು ಅದನ್ನು ನಡೆಸುವ ಮುಕ್ತ ತಂತ್ರಾಂಶ. ಪ್ರಯೋಜನವು ಪೂರ್ವಿಕರ ಗ್ರಂಥಗಳು ಅಳಿಯದೆ ಉಳಿದು ಓದುವವರನ್ನು ಮುಟ್ಟುವುದು. ದಾಸೋಹತತ್ತ್ವಕ್ಕೂ ಈ ತಂತ್ರಾಂಶಕ್ಕೂ ಇರುವ ಹೋಲಿಕೆಯೇ ಸಂಬಂಧ. ಅಧಿಕಾರಿಯು ಯಾರೆಂದರೆ, ಓದಬೇಕೆಂಬ ಇಚ್ಛೆಯುಳ್ಳ ಪ್ರತಿಯೊಬ್ಬರೂ ಅಧಿಕಾರಿಗಳೇ. ಈ ವಿಷಯದಲ್ಲಿ ಹಿರಿಯರು ಕಿರಿಯರೆಂಬ ಭೇದವಿಲ್ಲ.

ಮೊದಲು ಹಳೆಯ ಪದ್ಧತಿಯನ್ನು ನೆನೆಯುವುದು ಉಚಿತ. ಕಲ್ಯಾಣದಲ್ಲಿ ಕ್ಷೋಭೆಯಾದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ನಾನಾ ದಿಕ್ಕುಗಳಿಗೆ ಚದುರಿದರೆಂದು ಪರಂಪರೆಯು ಹೇಳುವುದು. ಆ ಕಟ್ಟುಗಳೆಲ್ಲ ಒಂದೇ ಊರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಇದ್ದಿದ್ದರೆ ಇಂದು ಎಷ್ಟು ವಚನಗಳು ಉಳಿಯುತ್ತಿದ್ದವೋ ಬಲ್ಲವರಾರು? ಒಬ್ಬರು ಬರೆದುದನ್ನು ಮತ್ತೊಬ್ಬರು ಪ್ರತಿಮಾಡಿದರು. ಒಂದು ಮಠದ ಓಲೆ ಇನ್ನೊಂದು ಮಠಕ್ಕೆ ಹೋಗಿ ಅಲ್ಲಿ ಮತ್ತೆರಡಾಯಿತು. ಗೆದ್ದಲು ಒಂದು ಕಟ್ಟನ್ನು ತಿಂದರೆ ಬೇರೆ ಊರಿನಲ್ಲಿ ಇನ್ನೊಂದು ಕಟ್ಟು ಇತ್ತು. ವಚನವಾಙ್ಮಯವು ಉಳಿದುದಕ್ಕೆ ಭಕ್ತಿಯು ಎಷ್ಟು ಕಾರಣವೋ ಪ್ರತಿಗಳ ಬಾಹುಳ್ಯವೂ ಅಷ್ಟೇ ಕಾರಣ.

ಪ್ರತಿಮಾಡಿದವರ ವಿನಯವೂ ಗಮನಿಸತಕ್ಕದ್ದು. ಓಲೆಯ ಕೊನೆಯಲ್ಲಿ ಲಿಪಿಕಾರನು ತನ್ನ ಬರಹದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಳ್ಳುವುದು ರೂಢಿಯಾಗಿತ್ತು. ಹಾಗೆ ಬೇಡಿದವನು ಮುಂದಿನ ಓದುಗನಿಗೆ ತಿದ್ದುವ ಹಕ್ಕನ್ನೇ ಕೊಟ್ಟಂತಾಯಿತು.

ಈ ಹಕ್ಕಿನ ಶ್ರೇಷ್ಠ ದೃಷ್ಟಾಂತವು ಶೂನ್ಯಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅಲ್ಲಮಪ್ರಭುದೇವರನ್ನು ಕೇಂದ್ರವಾಗಿರಿಸಿಕೊಂಡು ವಚನಗಳನ್ನು ಸಂವಾದರೂಪದಲ್ಲಿ ಮೊದಲು ಸಂಕಲಿಸಿದರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾರ್ಯರು ಅದೇ ಗ್ರಂಥವನ್ನು ಕೈಗೆತ್ತಿಕೊಂಡು ಪ್ರಸಂಗಗಳನ್ನು ಸೇರಿಸಿದರು, ವಚನಗಳನ್ನು ಕೂಡಿಸಿದರು, ಕ್ರಮವನ್ನು ಬದಲಿಸಿದರು. ಹಿಂದಿನವರ ಕೃತಿಯನ್ನು ಮುಂದಿನವರು ಮುಟ್ಟಬಾರದೆಂಬ ನಿಷೇಧವಿದ್ದಿದ್ದರೆ ನಾಲ್ಕನೆಯ ಶೂನ್ಯಸಂಪಾದನೆಯು ಹುಟ್ಟುತ್ತಿರಲಿಲ್ಲ. ಮೊದಲನೆಯವರ ಹೆಸರನ್ನು ಮರೆಯಿಸಿದ್ದರೆ ಪರಂಪರೆಯೇ ಮಸುಕಾಗುತ್ತಿತ್ತು. ಪಡೆದುದನ್ನು ಉತ್ತಮಗೊಳಿಸಿ, ಕೊಟ್ಟವರನ್ನು ಸ್ಮರಿಸಿ, ಮತ್ತೊಬ್ಬರಿಗೆ ಒಪ್ಪಿಸುವುದೇ ಆ ಕಾಲದ ಗ್ರಂಥಧರ್ಮ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಹೊಸ ಸಂಗತಿಯು ಹೊಸದೆನಿಸದು.

ಗಣಕಯಂತ್ರವು ತನಗೆ ತಾನೇ ಏನನ್ನೂ ಮಾಡಲಾರದು. ಏನು ಮಾಡಬೇಕೆಂಬ ಆದೇಶಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಮನುಷ್ಯನು ಓದಿ ತಿಳಿಯಬಲ್ಲ ರೂಪದಲ್ಲಿರುವ ಆ ಆದೇಶಗಳೇ ಮೂಲಸಂಕೇತ. ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ತಿರುಗಿಸಿ ಮಾರಿದರೆ ಕೊಂಡವನು ಅದನ್ನು ಬಳಸಬಲ್ಲನೇ ಹೊರತು ಅರಿಯಲಾರನು, ತಿದ್ದಲಾರನು. ವೈದ್ಯನು ಗುಳಿಗೆಯನ್ನು ಕೊಟ್ಟು ಯೋಗವನ್ನು ಬಚ್ಚಿಟ್ಟಂತೆ ಇದು. ವೈದ್ಯನು ಊರು ಬಿಟ್ಟುಹೋದ ದಿನ ರೋಗಿಗೆ ಗುಳಿಗೆಯೂ ಇಲ್ಲ, ಯೋಗವೂ ಇಲ್ಲ.

ಈ ಕಷ್ಟವನ್ನು ಚೆನ್ನಾಗಿ ಮನಗಂಡವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವರು ಕೆಲಸಮಾಡುತ್ತಿದ್ದಾಗ ಅಲ್ಲಿಗೆ ಬಂದ ಒಂದು ಹೊಸ ಮುದ್ರಣಯಂತ್ರದಲ್ಲಿ ಕಾಗದವು ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡ ಕೂಡಲೇ ಸೂಚನೆ ಬರುವಂತೆ ತಂತ್ರಾಂಶವನ್ನು ತಿದ್ದಬಲ್ಲ ಸಾಮರ್ಥ್ಯ ಅವರಿಗೆ ಇತ್ತು. ಆದರೆ ಮೂಲಸಂಕೇತವು ದೊರೆಯಲಿಲ್ಲ. ೧೯೮೩ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೮೯ರಲ್ಲಿ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯ ಮೊದಲನೆಯ ಆವೃತ್ತಿ ಹೊರಟಿತು. ಇಂತಹ ತಂತ್ರಾಂಶವನ್ನು ಬಳಸುವುದು, ಮೂಲವನ್ನು ಓದಿ ತಿಳಿಯುವುದು, ಪ್ರತಿಮಾಡಿ ಹಂಚುವುದು, ತಿದ್ದಿ ಉತ್ತಮಗೊಳಿಸಿ ಪ್ರಕಟಿಸುವುದು ಎಂಬ ನಾಲ್ಕು ಸ್ವಾತಂತ್ರ್ಯಗಳು ಪಡೆದವನಿಗೆ ಸಲ್ಲುವುವು. ಇವುಗಳಿಗೆ ಆ ಪರವಾನಗಿಯು ಒಂದು ನಿಬಂಧನೆಯನ್ನು ಕೂಡಿಸಿತು. ತಿದ್ದಿದುದನ್ನು ಇತರರಿಗೆ ಹಂಚುವವನು ತಾನು ಪಡೆದ ಸ್ವಾತಂತ್ರ್ಯಗಳನ್ನೇ ಅವರಿಗೂ ಕೊಡತಕ್ಕದ್ದು. ತೆರೆದು ಬಂದುದನ್ನು ಮುಚ್ಚಿ ಕೊಡಕೂಡದು. ಮುಕ್ತ ಆಕರ ಎಂಬ ಅರ್ಥದ ಹೆಸರು ೧೯೯೮ರಲ್ಲಿ ರೂಢಿಗೆ ಬಂದಿತು. ಹೆಸರುಗಳ ಹಿಂದಿರುವ ತತ್ತ್ವಭೇದವನ್ನು ಬಲ್ಲವರು ಚರ್ಚಿಸುವುದುಂಟು. ಇಲ್ಲಿ ಅದರ ವಿಸ್ತಾರ ಬೇಡ.

ಗ್ರಂಥಾಲಯಗಳಿಗೆ ಇದರ ಪ್ರವೇಶ ಹೇಗಾಯಿತೆಂಬುದು ಬಲು ಸ್ವಾರಸ್ಯವಾದ ಕಥೆ. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಹೊರೊವೆನುವಾ ಎಂಬ ಚಿಕ್ಕ ಜಿಲ್ಲೆಯುಂಟು. ಲೆವಿನ್ ಎಂಬುದು ಅಲ್ಲಿಯ ಮುಖ್ಯ ಪಟ್ಟಣ. ಫಾಕ್ಸ್‌ಟನ್, ಶಾನನ್ ಮೊದಲಾದುವು ಸಣ್ಣ ಊರುಗಳು. ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳನ್ನು ಒಂದು ಟ್ರಸ್ಟು ನಡೆಸುತ್ತಿತ್ತು. ೧೯೯೯ರಲ್ಲಿ ಅದಕ್ಕೊಂದು ಸಂಕಟ ಬಂದೊದಗಿತು. ಹಳೆಯ ತಂತ್ರಾಂಶಗಳಲ್ಲಿ ಅನೇಕವು ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆದಿಟ್ಟುಕೊಳ್ಳುತ್ತಿದ್ದುದರಿಂದ ೨೦೦೦ ಬಂದೊಡನೆ ಲೆಕ್ಕ ತಪ್ಪುವ ಭಯವಿತ್ತು. ಆ ಗ್ರಂಥಾಲಯದ ತಂತ್ರಾಂಶವೂ ಅದೇ ಬಗೆಯದು. ಹೊಸದನ್ನು ಕೊಳ್ಳಬೇಕೆಂದರೆ ವೆಚ್ಚ ಅಧಿಕ. ಸಣ್ಣ ಊರಿನ ಶಾಖೆಗಳಿಗೆ ಹೊಂದುವುದೂ ಕಷ್ಟ.

ಆಗ ಕಟಿಪೊ ಕಮ್ಯುನಿಕೇಷನ್ಸ್ ಎಂಬ ಸಂಸ್ಥೆಯವರು ಗ್ರಂಥಾಲಯದವರೊಡನೆ ಕೂಡಿ ಹೊಸದೊಂದನ್ನು ರಚಿಸಿದರು. ಗ್ರಂಥಸೂಚಿ, ಓದುಗರ ಪಟ್ಟಿ, ಎರವಲು ಕೊಡುವ ಲೆಕ್ಕ, ಹೊಸ ಪುಸ್ತಕಗಳ ಖರೀದಿ ಇವೆಲ್ಲ ಅದರ ಮೂಲಕವೇ ನಡೆಯುವಂತೆ ಏರ್ಪಾಡಾಯಿತು. ೨೦೦೦ದ ಜನವರಿಯಲ್ಲಿ ಅದು ಕೆಲಸಕ್ಕೆ ತೊಡಗಿತು. ಹಣಕೊಟ್ಟು ಮಾಡಿಸಿದ ಗ್ರಂಥಾಲಯವು ಅದನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಮೂಲಸಂಕೇತವನ್ನು ಮೇಲೆ ಹೇಳಿದ ಪರವಾನಗಿಯೊಡನೆ ಲೋಕಕ್ಕೆ ಒಪ್ಪಿಸಿಬಿಟ್ಟಿತು. ಗ್ರಂಥಾಲಯಗಳ ನಿರ್ವಹಣೆಗೆ ಸಮಗ್ರವಾಗಿ ಒದಗುವ ಮುಕ್ತ ತಂತ್ರಾಂಶಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ.

ಅದಕ್ಕೆ ಇಟ್ಟ ಹೆಸರು ಕೋಹಾ. ಇದು ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನರ ಭಾಷೆಯ ಮಾತು. ಅತಿಥಿಯು ಆ ಜನರ ಸಭಾಸ್ಥಾನಕ್ಕೆ ಬಂದಾಗ ಒಪ್ಪಿಸುವ ಕಾಣಿಕೆಗೆ ಕೋಹಾ ಎನ್ನುವರು. ಪೂರ್ವದಲ್ಲಿ ಅದು ಬಹುಮಟ್ಟಿಗೆ ಆಹಾರಪದಾರ್ಥಗಳ ರೂಪದಲ್ಲಿತ್ತು. ಈಗ ಹಣದ ರೂಪದಲ್ಲಿಯೂ ಸಲ್ಲುವುದು. ಅದು ಬೆಲೆಯಲ್ಲ, ಭಿಕ್ಷೆಯೂ ಅಲ್ಲ. ಕೋಹಾವನ್ನು ಪಡೆದವರು ಮುಂದೆ ಸಮಯ ಬಂದಾಗ ತಾವೂ ಕೊಡಬೇಕೆಂಬ ಧರ್ಮವು ಆ ಮಾತಿನೊಳಗೇ ಅಡಗಿರುವುದು. ಕೊಟ್ಟವರನ್ನೂ ಪಡೆದವರನ್ನೂ ಒಂದು ಸಂಬಂಧದಲ್ಲಿ ಕಟ್ಟುವ ದಾನವದು.

ಶರಣರ ದಾಸೋಹತತ್ತ್ವವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸುವುದೆ? ದಾನದಲ್ಲಿ ಕೊಟ್ಟೆನೆಂಬ ಅಹಂಕಾರ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಕಾಯಕದಿಂದ ಬಂದುದು ತನ್ನದಲ್ಲ, ಸಮಾಜದ್ದು, ಶಿವನದು ಎಂಬ ಭಾವದಿಂದ ಸಲ್ಲಿಸುವುದೇ ದಾಸೋಹ. ಅದನ್ನು ಪ್ರಸಾದವೆಂದು ಸ್ವೀಕರಿಸಿದವನೂ ಸುಮ್ಮನೆ ಕುಳಿತುಕೊಳ್ಳುವಂತಿಲ್ಲ. ಅವನಿಗೂ ಕಾಯಕವುಂಟು, ಅವನ ಕಾಯಕದಿಂದಲೂ ದಾಸೋಹವಾಗಬೇಕು. ಎರಡು ನಾಡುಗಳು, ಎರಡು ಮತಗಳು, ಎರಡು ಕಾಲಗಳು. ಕೋಹಾವೂ ದಾಸೋಹವೂ ಒಂದೇ ಎಂದರೆ ಅತಿಯಾದೀತು. ಆದರೆ ಪಡೆಯುವುದು ಮುಗಿದಲ್ಲಿ ಕೊಡುವುದು ಮೊದಲಾಗಬೇಕೆಂಬ ಅಂಶದಲ್ಲಿ ಎರಡರ ದಾರಿಯೂ ಒಂದೇ.

ಪಡೆದವರು ಕೊಟ್ಟರೋ ಇಲ್ಲವೋ ಎಂಬುದನ್ನು ಮುಂದಿನ ಚರಿತ್ರೆಯು ತೋರಿಸುವುದು. ಅಮೆರಿಕದ ಒಹಾಯೊ ಸೀಮೆಯ ನೆಲ್ಸನ್‌ವಿಲ್ ಸಾರ್ವಜನಿಕ ಗ್ರಂಥಾಲಯವು ಕೋಹಾವನ್ನು ಪಡೆಯಲು ಬಯಸಿತು. ಆದರೆ ಅದರಲ್ಲಿ ಒಂದು ಕೊರತೆಯಿತ್ತು. ಗ್ರಂಥದ ಹೆಸರು, ಕರ್ತೃ, ವಿಷಯ ಮೊದಲಾದುವನ್ನು ಯಂತ್ರವು ಓದುವಂತೆ ಬರೆಯುವ ಮಾರ್ಕ್ ಎಂಬ ಕ್ರಮವು ೧೯೬೦ರ ದಶಕದಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಮಹಿಳೆಯ ನೇತೃತ್ವದಲ್ಲಿ ರೂಪುಗೊಂಡು ಲೋಕದಲ್ಲೆಲ್ಲ ಹರಡಿತ್ತು. ಕೋಹಾ ಆ ಕ್ರಮವನ್ನು ಅರಿಯದಾಗಿತ್ತು. ನೆಲ್ಸನ್‌ವಿಲ್‌ನವರು ಹಣವಿತ್ತು ಆ ಕೊರತೆಯನ್ನು ನೀಗಿಸಿದರು. ಅದರ ಫಲವು ಎಲ್ಲರಿಗೂ ದೊರೆಯಿತು. ಫ್ರಾನ್ಸಿನ ಮಾರ್ಸೇ ನಗರದ ಪಾಲ್ ಪೂಲೆನ್ ಎಂಬವರು ಹಲವು ಭಾಷೆಗಳಲ್ಲಿ ಅದು ನಡೆಯುವಂತೆ ಶ್ರಮಿಸಿದರು. ೨೦೦೬ರಲ್ಲಿ ಪ್ಯಾರಿಸಿನಲ್ಲಿ ಬಳಕೆದಾರರ ಮೊದಲ ಸಮ್ಮೇಳನವಾಯಿತು. ೨೦೧೧ರಲ್ಲಿ ಅದು ಭರತಖಂಡಕ್ಕೆ, ಮುಂಬಯಿಯ ಬಳಿಯ ಠಾಣೆಗೆ ಬಂದಿತು. ಇಂದು ಲೋಕದಲ್ಲಿ ಸಾವಿರಾರು ಗ್ರಂಥಾಲಯಗಳು ಒಂದು ಸಣ್ಣ ಜಿಲ್ಲೆಯವರು ಕೊಟ್ಟ ಕಾಣಿಕೆಯಿಂದ ನಡೆಯುತ್ತಿರುವುವು. ಆ ಜಿಲ್ಲೆಯವರಿಗೂ ನಷ್ಟವಾಗಲಿಲ್ಲ. ಅವರು ಕೊಟ್ಟುದು ನೂರಾರು ಕೈಗಳಲ್ಲಿ ಬೆಳೆದು ಅವರಿಗೇ ಹಿಂದಿರುಗಿ ಬಂದಿತು.

ಹಾಗೆಂದು ಆ ಹಾದಿಯು ಹೂವಿನದಾಗಿರಲಿಲ್ಲ. ೨೦೧೧ರಲ್ಲಿ ಅಮೆರಿಕದ ಒಂದು ವಾಣಿಜ್ಯ ಸಂಸ್ಥೆಗೆ ನ್ಯೂಜಿಲೆಂಡಿನಲ್ಲಿಯೇ ತಂತ್ರಾಂಶದ ಸಂಬಂಧವಾಗಿ ಕೋಹಾ ಎಂಬ ಹೆಸರು ವ್ಯಾಪಾರಚಿಹ್ನೆಯಾಗಿ ತಾತ್ಕಾಲಿಕವಾಗಿ ಮಂಜೂರಾಯಿತು. ಮೂಲಸಂಕೇತವು ಎಲ್ಲರದೂ ಆಗಿದ್ದರೂ ಹೆಸರು ಒಬ್ಬರ ಪಾಲಾಗುವ ಸಂಭವ ಒದಗಿತು. ಹೆಸರನ್ನಿಟ್ಟವರೇ ಆ ಹೆಸರನ್ನು ಹೇಳಲು ಅನ್ಯರ ಅಪ್ಪಣೆಯನ್ನು ಬೇಡುವ ಸ್ಥಿತಿ ಬರಬಹುದಾಗಿತ್ತು. ಹೊರೊವೆನುವಾ ಟ್ರಸ್ಟಿನವರು ಸುಮ್ಮನಿರಲಿಲ್ಲ. ನೆರವು ನೀಡಿರೆಂದು ಲೋಕದ ಗ್ರಂಥಾಲಯಗಳನ್ನು ಕೇಳಿಕೊಂಡರು. ಎಂದೂ ಆ ಊರನ್ನು ಕಾಣದವರು ಕಾಣಿಕೆಯನ್ನು ಕಳುಹಿಸಿದರು. ಕೊನೆಗೆ ೨೦೧೩ರ ಡಿಸೆಂಬರಿನಲ್ಲಿ ತೀರ್ಪು ಸಮುದಾಯದ ಪರವಾಗಿ ಆಯಿತು. ತೆರೆದಿಟ್ಟ ಮನೆಗೂ ಕಾವಲು ಬೇಕು. ಆ ಕಾವಲು ಬೀಗದಿಂದಾಗತಕ್ಕದ್ದಲ್ಲ, ಕೂಡಿ ಬಾಳುವವರ ಎಚ್ಚರದಿಂದ ಆಗತಕ್ಕದ್ದು. ಈ ಪ್ರಸಂಗದ ತಾತ್ಪರ್ಯ ಇಷ್ಟೇ.

ಕೋಹಾ ಗ್ರಂಥಾಲಯದ ವ್ಯವಹಾರವನ್ನು ನಡೆಸುವುದು. ಗ್ರಂಥವನ್ನೇ ಗಣಕಯಂತ್ರದಲ್ಲಿಟ್ಟು ದೂರದವರಿಗೂ ಓದಲು ಕೊಡುವ ಬೇರೆ ತಂತ್ರಾಂಶಗಳುಂಟು. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಗ್ರೀನ್‌ಸ್ಟೋನ್ ಎಂಬುದನ್ನು ಯುನೆಸ್ಕೊ ಸಂಸ್ಥೆಯ ಸಹಕಾರದಿಂದ ಬೆಳೆಸಿ ಹಂಚಲಾಯಿತು. ಮ್ಯಾಸಚೂಸೆಟ್ಸ್ ಸಂಸ್ಥೆಯ ಗ್ರಂಥಾಲಯದವರೂ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದವರೂ ಕೂಡಿ ರಚಿಸಿದ ಡಿಸ್ಪೇಸ್ ೨೦೦೨ರಲ್ಲಿ ಹೊರಬಂದಿತು. ಭಾರತದ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಶೋಧಗಂಗಾ ಭಂಡಾರವು ನಿಂತಿರುವುದು ಇದರ ಮೇಲೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ವಿದ್ವಾಂಸರ ಲೇಖನಗಳಿಗಾಗಿ ೨೦೦೨ರಲ್ಲಿಯೇ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಈಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶದಿಂದ ಭಂಡಾರವನ್ನು ಸ್ಥಾಪಿಸಿದರು. ಆದಕಾರಣ ಈ ಮಾರ್ಗವು ಕನ್ನಡನಾಡಿಗೆ ಹೊಸದಲ್ಲ.

ವಚನವಾಙ್ಮಯದ ವಿಷಯದಲ್ಲಿ ಈ ಮಾರ್ಗದ ಮೊದಲ ಹೆಜ್ಜೆಯನ್ನು ಗಣಕಯಂತ್ರವು ಹುಟ್ಟುವ ಮುನ್ನವೇ ಇಟ್ಟವರು ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲಿ ನಡೆಸುತ್ತಿದ್ದ ಅವರು ಮನೆಮನೆಯ ಓಲೆಕಟ್ಟುಗಳನ್ನು ಅರಸಿ, ಪ್ರತಿಮಾಡಿ, ಹೋಲಿಸಿ ನೋಡಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹಿತಚಿಂತಕ ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದುದು ಎಲ್ಲರೂ ಬಲ್ಲ ಸಂಗತಿ. ಕಟ್ಟಿನೊಳಗಿದ್ದುದನ್ನು ಬಿಚ್ಚಿ ಜನರ ಕೈಗಿತ್ತುದೇ ಅವರ ದಾಸೋಹ. ಅವರು ೧೯೬೪ರಲ್ಲಿ ಲಿಂಗೈಕ್ಯರಾದರು. ಭಾರತದ ಕಾನೂನಿನಂತೆ ಕರ್ತೃವಿನ ಹಕ್ಕು ಮರಣದ ವರುಷ ಕಳೆದ ಮೇಲೆ ೬೦ ವರುಷ ನಡೆಯುವುದರಿಂದ ೨೦೨೫ರ ಜನವರಿ ೧ರಿಂದ ಅವರ ಬರಹಗಳು ಸಾರ್ವಜನಿಕರ ಸೊತ್ತಾಗಿರುವುವು. ಅವನ್ನು ಯಾರಾದರೂ ಅಚ್ಚುಹಾಕಬಹುದು, ಅಂತರಜಾಲದಲ್ಲಿಡಬಹುದು. ಅವರ ಋಣವನ್ನು ತೀರಿಸಲು ಇದಕ್ಕಿಂತ ಸುಲಭವಾದ ಸಂದರ್ಭವು ಮತ್ತಾವುದು?

ಹಳಕಟ್ಟಿಯವರ ತರುವಾಯ ಅನೇಕ ವಿದ್ವಾಂಸರು ದುಡಿದರು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ೧೫ ಭಾಗಗಳಲ್ಲಿ ಪ್ರಕಟಿಸಿತು. ೨೦೧೩ರ ಸುಮಾರಿನಲ್ಲಿ ಬೆಂಗಳೂರಿನ ಕೆಲವು ತಂತ್ರಜ್ಞರೂ ಸಾಹಿತಿಗಳೂ ಕೂಡಿ ಸ್ವಯಂಸೇವೆಯಿಂದ ವಚನ ಸಂಚಯವೆಂಬ ಅಂತರಜಾಲ ತಾಣವನ್ನು ಕಟ್ಟತೊಡಗಿದರು. ಅದರಲ್ಲಿ ೨೦,೦೦೦ಕ್ಕೂ ಮಿಕ್ಕ ವಚನಗಳಿವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಶರಣರ ಯಾವ ವಚನದಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ತಿಳಿಯುವುದು. ಹಿಂದೆ ಪದಪ್ರಯೋಗದ ಅಕಾರಾದಿಯನ್ನು ಸಿದ್ಧಗೊಳಿಸಲು ಪಂಡಿತರಿಗೆ ವರುಷಗಳೇ ಹಿಡಿಯುತ್ತಿದ್ದವು. ಬಯಲು, ಅರಿವು, ಜಂಗಮ ಎಂಬಂತಹ ಒಂದೊಂದು ಮಾತು ಶರಣರಿಂದ ಶರಣರಿಗೆ ಹೇಗೆ ಅರ್ಥದ ಛಾಯೆಯನ್ನು ಬದಲಿಸಿತೆಂಬುದನ್ನು ಪಾಠಶಾಲೆಯ ವಿದ್ಯಾರ್ಥಿಯೂ ಇಂದು ಪರಿಶೀಲಿಸಬಲ್ಲನು.

ಇದು ಸಾಧ್ಯವಾದುದಕ್ಕೆ ಮತ್ತೊಂದು ಸಹಕಾರವು ತಳಹದಿಯಾಗಿರುವುದು. ಮೊದಲು ಕನ್ನಡದ ಒಂದೊಂದು ಅಕ್ಷರಶೈಲಿಗೂ ಒಂದೊಂದು ಗುಪ್ತಸಂಕೇತವಿದ್ದು ಒಬ್ಬರ ಯಂತ್ರದಲ್ಲಿ ಬರೆದುದು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಸರ್ವಸಮ್ಮತ ಕ್ರಮವು ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಸ್ಥಿರವಾದ ಒಂದು ಸಂಖ್ಯೆಯನ್ನು ಕೊಟ್ಟಿತು. ಕನ್ನಡಕ್ಕೂ ಅದರಲ್ಲಿ ತನ್ನದೇ ಆದ ಸ್ಥಾನವುಂಟು. ಒಪ್ಪಂದವಿಲ್ಲದೆ ಸಹಕಾರವಿಲ್ಲ, ಸಹಕಾರವಿಲ್ಲದೆ ಭಂಡಾರವಿಲ್ಲ.

ಸಹಕಾರವು ತಪ್ಪಿದರೆ ಏನಾದೀತೆಂಬುದಕ್ಕೂ ನಿದರ್ಶನವುಂಟು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯವೂ ಅನೇಕ ಗ್ರಂಥಾಲಯಗಳೂ ಕೂಡಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹಾಭಂಡಾರವನ್ನು ಕಟ್ಟಿದುವು. ಲಕ್ಷಾಂತರ ಪುಸ್ತಕಗಳ ಪುಟಗಳು ಛಾಯಾರೂಪದಲ್ಲಿ ಅದನ್ನು ಸೇರಿದುವು. ಅವುಗಳಲ್ಲಿ ಕನ್ನಡದವೂ ಬಹಳ. ಆದರೆ ೨೦೧೭ರ ಸುಮಾರಿನಲ್ಲಿ ಆ ತಾಣವು ಓದುಗರಿಗೆ ಮುಚ್ಚಿಹೋಯಿತು. ಅಷ್ಟರಲ್ಲಿ ಕೆಲವು ದೂರದರ್ಶಿಗಳು ಲಕ್ಷಾಂತರ ಗ್ರಂಥಗಳನ್ನು ಪ್ರತಿಮಾಡಿ ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಇರಿಸಿದ್ದುದರಿಂದ ಅವು ಇಂದಿಗೂ ದೊರೆಯುತ್ತಿವೆ. ಆ ಭಂಡಾರವಾದರೂ ಅಭೇದ್ಯವಲ್ಲ. ೨೦೨೪ರ ಅಕ್ಟೋಬರಿನಲ್ಲಿ ಅದರ ಮೇಲೂ ದುಷ್ಕರ್ಮಿಗಳ ದಾಳಿಯಾಗಿ ಕೆಲಕಾಲ ಸೇವೆ ನಿಂತಿತು. ಅದಕ್ಕೆ ಒಂದು ವರುಷ ಮೊದಲು, ೨೦೨೩ರ ಅಕ್ಟೋಬರಿನಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂತಹ ದೊಡ್ಡ ಗ್ರಂಥಾಲಯವೇ ಇಂತಹ ದಾಳಿಗೆ ತುತ್ತಾಗಿ ಅದರ ಗ್ರಂಥಸೂಚಿಯು ತಿಂಗಳುಗಟ್ಟಲೆ ದೊರೆಯಲಿಲ್ಲ. ಒಂದು ಮನೆಯನ್ನೇ ನಂಬಿದರೆ ಆ ಮನೆಯೊಡನೆ ಸಕಲವೂ ಹೋಗುವುದು. ಪ್ರತಿಗಳು ಹಲವಾದರೆ ವಸ್ತು ಕ್ಷೇಮವೆಂಬ ಅರ್ಥದ ಹೆಸರನ್ನೇ ಇಟ್ಟುಕೊಂಡು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಲಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿರುವರು. ಅನೇಕ ಗ್ರಂಥಾಲಯಗಳಲ್ಲಿರುವ ಪ್ರತಿಗಳು ಪರಸ್ಪರ ಹೋಲಿಸಿಕೊಂಡು ಕೆಟ್ಟುದನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಅದರಲ್ಲಿರುವುದು. ಕಲ್ಯಾಣದಿಂದ ಹೊರಟ ಕಟ್ಟುಗಳು ಕಲಿಸಿದ ಪಾಠವೂ ಇದೇ.

ಇನ್ನು ಪೂರ್ವಪಕ್ಷವನ್ನು ಪರಿಶೀಲಿಸುವುದು ಯುಕ್ತ. ಬೆಲೆಯಿಲ್ಲದೆ ಬಂದುದಕ್ಕೆ ಯೋಗ್ಯತೆಯೂ ಇಲ್ಲ, ಕೆಟ್ಟರೆ ಕೇಳುವವರೂ ಇಲ್ಲ ಎಂಬುದು ಮೊದಲನೆಯ ಆಕ್ಷೇಪ. ಇದಕ್ಕೆ ಸಮಾಧಾನ: ಮುಕ್ತವೆಂದರೆ ಬಂಧನದಿಂದ ಬಿಡುಗಡೆ ಹೊಂದಿದುದೆಂದು ಅರ್ಥವೇ ಹೊರತು ವೆಚ್ಚವಿಲ್ಲದುದೆಂದು ಅರ್ಥವಲ್ಲ. ಸರ್ವರ್ ಯಂತ್ರ, ವಿದ್ಯುತ್ತು, ನುರಿತವರ ವೇತನ ಇವೆಲ್ಲಕ್ಕೂ ಹಣಬೇಕು. ಹೊರೊವೆನುವಾದವರೂ ಹಣಕೊಟ್ಟೇ ಮಾಡಿಸಿದರು. ಭೇದವೇನೆಂದರೆ, ಇಲ್ಲಿ ಹಣವು ಕೆಲಸಕ್ಕೆ ಸಲ್ಲುವುದು, ಬೀಗದ ಕೈಗೆ ಸಲ್ಲುವುದಿಲ್ಲ. ಕೆಲಸ ಮಾಡುವವನು ಸರಿಯಿಲ್ಲದಿದ್ದರೆ ಬೇರೊಬ್ಬನನ್ನು ಕರೆಯಬಹುದು. ಮೂಲಸಂಕೇತವು ಮನೆಯಲ್ಲಿಯೇ ಇರುವುದು.

ಮಠದ ಸೊತ್ತು ಲೋಕದ ಪಾಲಾದರೆ ಅಪಪಾಠಗಳು ಹರಡುವುವು, ಪವಿತ್ರ ಗ್ರಂಥಗಳು ಅನಾದರಕ್ಕೆ ಗುರಿಯಾಗುವುವು ಎಂಬುದು ಎರಡನೆಯ ಆಕ್ಷೇಪ. ಈ ಭಯದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ತಂತ್ರಾಂಶವು ಮುಕ್ತವಾದ ಮಾತ್ರಕ್ಕೆ ಒಳಗಿರುವುದೆಲ್ಲ ಮುಕ್ತವಾಗಬೇಕೆಂಬ ನಿಯಮವಿಲ್ಲ. ಯಾವುದನ್ನು ಎಲ್ಲರಿಗೂ ತೋರಿಸಬೇಕು, ಯಾವುದನ್ನು ಪರಿಶೋಧಕರಿಗೆ ಮಾತ್ರ ಕೊಡಬೇಕು ಎಂಬುದನ್ನು ಮಠವೇ ನಿರ್ಣಯಿಸಬಹುದು. ಕರ್ತೃವಿನ ಹಕ್ಕು ಮುಗಿಯದ ಪುಸ್ತಕವನ್ನು ಅನುಮತಿಯಿಲ್ಲದೆ ಇಡಕೂಡದು. ಅಪಪಾಠದ ಮಾತಿಗೆ ಬಂದರೆ, ಅದು ಬೆಳೆಯುವುದು ಮುಚ್ಚಿದ ಕಟ್ಟಿನಲ್ಲಿ. ಅಳಿಯುವುದು ಹತ್ತು ಪ್ರತಿಗಳನ್ನು ಹತ್ತು ಮಂದಿ ಹೋಲಿಸಿದಲ್ಲಿ. ಓಲೆಯ ಛಾಯೆಯೂ ಅದರ ಓದೂ ಒಂದರ ಪಕ್ಕದಲ್ಲಿ ಒಂದಿದ್ದರೆ ತಪ್ಪನ್ನು ತೋರಿಸಲು ಬೇರೆ ಸಾಕ್ಷಿ ಬೇಡ. ಅನಾದರದ ಮಾತಿಗೆ ಬಂದರೆ, ಗೆದ್ದಲಿನ ಬಾಯಿಗೆ ಬೀಳುವುದಕ್ಕಿಂತ ಹೆಚ್ಚಿನ ಅನಾದರ ಯಾವುದಿದೆ?

ಸಣ್ಣ ಮಠಗಳಿಗೆ ಇದು ಅಳವಲ್ಲವೆಂಬುದು ಮೂರನೆಯ ಆಕ್ಷೇಪ. ಒಂಟಿಯಾಗಿ ಅಳವಲ್ಲವೆಂಬುದು ನಿಜ, ಅದರಿಂದಲೇ ಸಹಕಾರ. ೧೯೬೭ರಲ್ಲಿ ಒಹಾಯೊ ಸೀಮೆಯ ೫೪ ಕಾಲೇಜುಗಳು ಒಂದಾಗಿ, ಒಬ್ಬರು ಸೂಚಿಸಿದ ಪುಸ್ತಕವನ್ನು ಇನ್ನೊಬ್ಬರು ಮತ್ತೆ ಸೂಚಿಸುವ ವ್ಯರ್ಥಶ್ರಮ ತಪ್ಪಬೇಕೆಂದು ಒಂದು ಕೇಂದ್ರವನ್ನು ಸ್ಥಾಪಿಸಿದುವು. ೧೯೭೧ರಿಂದ ಅವುಗಳ ಗ್ರಂಥಸೂಚಿಯು ಗಣಕಯಂತ್ರದ ಮೂಲಕ ಒಟ್ಟಾಗಿ ನಡೆಯತೊಡಗಿತು. ಹತ್ತು ಮಠಗಳು ಒಂದು ಸರ್ವರನ್ನೂ, ಒಬ್ಬ ತಂತ್ರಜ್ಞನನ್ನೂ, ಒಬ್ಬ ಲಿಪಿಜ್ಞನನ್ನ�ೂ ಕೂಡಿ ಇಟ್ಟುಕೊಂಡರೆ ಒಂದೊಂದರ ಪಾಲಿಗೆ ಬರುವ ಭಾರವೆಷ್ಟು? ಜಾತ್ರೆಯ ಒಂದು ದಿನದ ದೀಪಾಲಂಕಾರದ ವೆಚ್ಚವನ್ನು ಇದರೊಡನೆ ತೂಗಿನೋಡಿದರೆ ಉತ್ತರವು ತಾನಾಗಿಯೇ ದೊರಕೀತು.

ಹೀಗಿರಲು ಕರ್ತವ್ಯವೇನು? ಮೊದಲನೆಯದಾಗಿ, ಪ್ರತಿಯೊಂದು ಮಠವೂ ತನ್ನಲ್ಲಿರುವ ಓಲೆ, ಕಾಗದದ ಹಸ್ತಪ್ರತಿ, ಹಳೆಯ ಮುದ್ರಿತ ಗ್ರಂಥ ಇವುಗಳ ಸೂಚಿಯನ್ನು ಎಲ್ಲರೂ ಒಪ್ಪಿದ ಒಂದೇ ಕ್ರಮದಲ್ಲಿ ಸಿದ್ಧಪಡಿಸತಕ್ಕದ್ದು. ಗ್ರಂಥದ ಹೆಸರು, ಕರ್ತೃ, ಲಿಪಿಕಾರ, ಗರಿಗಳ ಸಂಖ್ಯೆ, ಎಲ್ಲಿಂದ ಬಂದಿತೆಂಬ ವಿವರ ಇಷ್ಟಾದರೂ ಅದರಲ್ಲಿರಬೇಕು. ಎರಡನೆಯದಾಗಿ, ಶಿಥಿಲವಾದ ಕಟ್ಟುಗಳ ಛಾಯೆಯನ್ನು ಮೊದಲು ತೆಗೆಯಿಸತಕ್ಕದ್ದು. ಕೆಲಸವನ್ನು ಹೊರಗಿನವರಿಗೆ ವಹಿಸಿದರೆ ಛಾಯೆಗಳ ಪೂರ್ಣ ಪ್ರತಿಯು ಎಲ್ಲ ಯಂತ್ರಗಳಲ್ಲಿಯೂ ತೆರೆಯುವ ರೂಪದಲ್ಲಿ ಮಠದ ಕೈಯಲ್ಲಿಯೇ ಉಳಿಯುವಂತೆ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಮೂರನೆಯದಾಗಿ, ಆ ಪ್ರತಿಗಳನ್ನು ಮೂರು ಊರುಗಳಲ್ಲಿ ಇರಿಸತಕ್ಕದ್ದು. ನಾಲ್ಕನೆಯದಾಗಿ, ಪಾಠಶಾಲೆಯ ವಿದ್ಯಾರ್ಥಿಗಳಿಗೆ ಹಳೆಯ ಲಿಪಿಯನ್ನು ಓದುವುದನ್ನೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವುದನ್ನೂ ಕೂಡಿಯೇ ಕಲಿಸತಕ್ಕದ್ದು. ಹಿಂದೆ ಪ್ರತಿಮಾಡುವುದು ಸೇವೆಯಾಗಿದ್ದಂತೆ ಇಂದು ಕರಡು ತಿದ್ದುವುದೂ ಸೇವೆಯೇ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಇಂತಹ ತಂತ್ರಾಂಶವನ್ನು ಪಡೆದ ಮಠವು ಏನನ್ನಾದರೂ ಹಿಂದಿರುಗಿಸತಕ್ಕದ್ದು. ಕೋಹಾದ ಪುಟಗಳ ಕನ್ನಡ ಅನುವಾದವನ್ನು ಬೆಳೆಸಬಹುದು. ತಾಳೆಗರಿಗೆ ಹೊಂದುವ ಸೂಚೀಕ್ರಮವನ್ನು ರೂಪಿಸಿ ಲೋಕಕ್ಕೆ ಕೊಡಬಹುದು. ಕಂಡ ದೋಷವನ್ನು ರಚಿಸಿದವರಿಗೆ ತಿಳಿಸಬಹುದು. ಓಲೆಯನ್ನು ಬಲ್ಲ ಪಂಡಿತರು ಲೆವಿನ್ನಿನಲ್ಲಿಯೂ ಇಲ್ಲ, ಮಾರ್ಸೇಯಲ್ಲಿಯೂ ಇಲ್ಲ, ಇರುವುದು ಮಠಗಳಲ್ಲಿ. ಇತರರು ಕೊಡಲಾರದುದನ್ನು ಕೊಡಬಲ್ಲವನು ಕೊಡದೆ ಉಳಿದರೆ ಪಂಕ್ತಿಯಲ್ಲಿ ಉಂಡು ಬಡಿಸುವ ಹೊತ್ತಿಗೆ ಎದ್ದುಹೋದಂತಾಗುವುದು.

ಶರಣಬಂಧುಗಳೇ, ಅನ್ನವು ಹಂಚಿದಷ್ಟೂ ಪಾತ್ರೆಯಲ್ಲಿ ಕಡಮೆಯಾಗುವುದು. ಆದರೂ ಮಠಗಳು ಅದನ್ನು ಹಂಚಲು ಹಿಂಜರಿಯಲಿಲ್ಲ. ಜ್ಞಾನವಾದರೋ ಹಂಚಿದುದರಿಂದ ಕಡಮೆಯಾಗದು. ಹಂಚದಿದ್ದರೆ ಮಾತ್ರ ನಾಶವಾಗುವುದು. ಕಡಮೆಯಾಗುವುದನ್ನೇ ಧಾರಾಳವಾಗಿ ಕೊಟ್ಟ ಪರಂಪರೆಯು ಕಡಮೆಯಾಗದುದನ್ನು ಕೊಡಲು ಲೋಭಪಡಲಾಗದು. ಮುಂದಿನ ಮಹೋತ್ಸವದ ಹೊತ್ತಿಗೆ ಈ ಗ್ರಂಥಭಂಡಾರದ ಒಂದೊಂದು ಕಟ್ಟೂ ಬಿಚ್ಚಿ, ಒಂದೊಂದು ಗರಿಯೂ ಓದುವವರ ಕಣ್ಣಿಗೆ ಬಿದ್ದಿರಲಿ. ಆ ಕಾರ್ಯಕ್ಕೆ ಶ್ರೀಗುರುಬಸವೇಶನ ಕೃಪೆಯೂ ಪೂಜ್ಯರ ಆಶೀರ್ವಾದವೂ ಭಕ್ತರ ತನುಮನಧನಗಳೂ ಒದಗಲಿ.